ದೊಡ್ಡಬೀರಯ್ಯನ ನಾಲ್ಕು ದಿನದ ರಜಾ

ಹುಣಸೂರು
14-4-1954

ಪ್ರೀತಿಯ ಮಗಳು ಸರ್ವಮಂಗಳೆಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯದ ತಪ್ಪನ್ನು ಕಚೇರಿ ಕೆಲಸದ ಮೇಲೆ ಹೊರಿಸಬಹುದಿತ್ತು, ಆದರೆ ನೀನು ನಂಬುವವಳಲ್ಲ. ನಾನೂ ನಿನ್ನ ಅವ್ವನೂ ಚೆನ್ನಾಗಿದ್ದೇವೆ. ಅಳಿಯಂದಿರ ಕೆಮ್ಮು ಹೇಗಿದೆ? ಕೃಷ್ಣರಾಜನಗರದ ನೀರು ನಿನಗೆ ಒಗ್ಗಿತೇ?

ನಮ್ಮ ತಾಲ್ಲೂಕು ಕಚೇರಿಯ ಜವಾನ ದೊಡ್ಡಬೀರಯ್ಯ ನಿನಗೆ ಗೊತ್ತಲ್ಲ, ನಿನ್ನ ಮದುವೆಯಲ್ಲಿ ಪಂಕ್ತಿಗೆಲ್ಲ ನೀರು ಬಡಿಸಿದವನು. ಮೊನ್ನೆ ಅವನ ಕೆಲಸ ಹೋಯಿತು. ಹನ್ನೊಂದು ವರ್ಷದ ಸರ್ವಿಸು!

ಗುರುಪುರದಲ್ಲಿ ಅವನ ಸತ್ತ ಅಣ್ಣನ ಹೆಂಡತಿ ಪುಟ್ಟಮಲ್ಲಮ್ಮ ಇದ್ದಾಳೆ. ಅವಳ ಮನೆಗೆ ಹುಲ್ಲು ಹೊದಿಸಿಕೊಡಲು ನಾಲ್ಕು ದಿನ ರಜಾ ಹಾಕಿ ಹೋಗಿದ್ದ. ಎರಡನೆಯ ದಿನ ಅವಳ ಮಗಳಿಗೆ ಸಿಡುಬು ಎದ್ದಿತು. ಅಮ್ಮ ಬಂದ ಮನೆಯ ಕಟ್ಟು ನಿನಗೆ ತಿಳಿದದ್ದೇ. ಮಗುವಿಗೆ ಮೂರನೆಯ ನೀರು ಹಾಕಿ ಮೀಯಿಸುವವರೆಗೆ ಒಳಗಿದ್ದವರು ಹೊಸಿಲು ದಾಟುವಂತಿಲ್ಲ, ಒಂದು ಚೂರು ಕಾಗದವೂ ಹೊರಗೆ ಹೋಗುವಂತಿಲ್ಲ. ಹಾಗಾಗಿ ರಜಾ ಮುಂದುವರಿಸುವ ಅರ್ಜಿಯೂ ಬರಲಿಲ್ಲ. ಇಪ್ಪತ್ತಮೂರು ದಿನ ಅವನ ಹೆಸರಿನ ಮುಂದೆ ನಾನೇ ಗೈರುಹಾಜರಿ ಹಾಕಿದೆ.

ಬಂದವನ ಕೈಗೆ ಅಮಲ್ದಾರರ ನೋಟೀಸು ಕೊಟ್ಟು, ಗುಟ್ಟಾಗಿ ಪಕ್ಕಕ್ಕೆ ಕರೆದೆ. "ನಿನಗೇ ಜ್ವರ ಬಂದಿತ್ತು ಅಂತ ಡಾಕ್ಟರ ಸರ್ಟಿಫಿಕೇಟು ತಂದುಬಿಡು. ಮಿಕ್ಕದ್ದು ನಾನು ನೋಡ್ಕೋತೀನಿ." ನಿನ್ನ ಹೆಡ್ ಮುನ್ಷಿ ಅಪ್ಪನ ಜಾಣತನ ನೋಡು!

"ಜ್ವರ ಬಂದದ್ದು ಮಗೀಗೆ ಸ್ವಾಮಿ, ನಂಗಲ್ಲ," ಎಂದ. "ಸಿಡುಬಿನವ್ವ ಕುಂತಿದ್ದ ಮನೇಲಿ ಇದ್ದು ಬಂದಿವ್ನಿ. ಸುಳ್ಳಿಗೆ ಎಬ್ಬೆಟ್ಟು ಒತ್ತಾಕಾಯ್ತದಾ?"

"ಕೆಲಸ ಹೋಗುತ್ತೆ ಕಣಯ್ಯ."

"ಓದ್ರೆ ಓಗ್ಲಿ ಬುಡಿ, ಕುರಿ ಮೇಯ್ಸ್ತೀನಿ. ಆ ಮಗು ನನ್ ಕೈಬೆಳ್ಳ ಇಡ್ಕೊಂಡಿದ್ದು ಬುಟ್ಟೇ ಇರ್ನಿಲ್ಲ ಸ್ವಾಮಿ. ಬುಡುಸ್ಕೊಂಡು ಎಂಗ್ ಬರ್ಲಿ?"

ಅಮಲ್ದಾರರ ಎದುರಿಗೂ ಅದೇ ಮಾತು. ವಜಾ ಆದೇಶವನ್ನು ಬರೆದದ್ದು ನನ್ನ ಕೈಯೇ. ಅವನು ಹೆಗಲಿನ ಡವಾಲಿ ಪಟ್ಟಿ ಬಿಚ್ಚಿ, ಅದರ ಹಿತ್ತಾಳೆ ಬಿಲ್ಲೆಯನ್ನು ಪಂಚೆಯ ತುದಿಯಿಂದ ಒರೆಸಿ, ಮೇಜಿನ ಮೇಲಿಟ್ಟು ಕೈಮುಗಿದ. ನಾನು ಎದ್ದು ನಿಂತೆ. ಮೂವತ್ತು ವರ್ಷದ ನೌಕರಿಯಲ್ಲಿ ಜವಾನನಿಗೆ ಎದ್ದು ನಿಂತದ್ದು ಇದೇ ಮೊದಲು. ಗುಮಾಸ್ತರು ಮುಸಿಮುಸಿ ನಕ್ಕರು, ನಗಲಿ. ಅಂಥ ಮನುಷ್ಯ ನಮ್ಮ ಬಾಗಿಲಲ್ಲಿ ಇಷ್ಟು ವರ್ಷ ಸ್ಟೂಲಿನ ಮೇಲೆ ಕೂತಿದ್ದ, ನಮಗೇ ಗೊತ್ತಿರಲಿಲ್ಲ. ಆ ಹುಡುಗಿ ಉಳಿದುಕೊಂಡಳು. ಮುಖದ ತುಂಬ ಕಲೆಯಂತೆ, ಕಣ್ಣು ಮಾತ್ರ ಎರಡೂ ಚೆನ್ನಾಗಿವೆಯಂತೆ.

ಡೆಪ್ಯುಟಿ ಕಮಿಷನರಿಗೆ ಅವನ ಪರವಾಗಿ ಅಪೀಲು ಬರೆದುಕೊಟ್ಟಿದ್ದೇನೆ. ಒಂದಕ್ಷರ ಸುಳ್ಳು ಸೇರಿಸಿಲ್ಲ. ಏನಾಗುವುದೋ ಶಿವನೇ ಬಲ್ಲ.

ನೀನೂ ಅಳಿಯಂದಿರೂ ನೂರು ಕಾಲ ನಗುನಗುತ್ತ ಬಾಳಿ.

ನಿನ್ನ ಅಪ್ಪ,
ಕಂಠಪ್ಪ

ವಿ.ಸೂ.: ಅವ್ವ ನಿನ್ನಲ್ಲಿಗೆ ಬಂದಾಗ ಈ ಕಾಗದ ತೋರಿಸಬೇಡ. ನಿನ್ನ ತಮ್ಮ ಬೆಟ್ಟಸ್ವಾಮಿಗೆ ಸಿಡುಬು ಬಂದಾಗ ನಿನಗೆ ಆರು ವರ್ಷ. ಅಮಲ್ದಾರರು ರಜಾ ಕೊಡಲಿಲ್ಲವೆಂದು ಅವ್ವನಿಗೆ ಹೇಳಿ ನಾನು ಹೊಸಿಲು ದಾಟಿ ಕಚೇರಿಗೆ ಹೊರಟುಬಂದೆ. ಮೂರನೆಯ ದಿನ ಮಗು ಹೋಯಿತು. ಆಗಿನ ಆ ಅಮಲ್ದಾರರ ಹೆಸರೆತ್ತಿದರೆ ಅವ್ವ ಇಂದಿಗೂ ಶಾಪ ಹಾಕುತ್ತಾಳೆ. ಅವರು ರಜಾ ಇಲ್ಲವೆನ್ನಲಿಲ್ಲ ಮಗಳೇ. ನೌಕರಿಗೆ ಹೆದರಿ ನಾನು ಕೇಳಲೇ ಇಲ್ಲ.