ಗೋಡೆ ಕಡೆಯ ಬೇಸಿನ್

೧೧-೨-೨೦೧೯, ಸೋಮವಾರ

ತಲೆನೋವು ಬರದೆ ವಾರದ ಮೇಲಾಯಿತು. ಖುಷಿಯಾಗಬೇಕಿತ್ತು, ಆಗುತ್ತಿಲ್ಲ.

ಮೈಗ್ರೇನಿಗೆ ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಟ್ಟಿದೆ ಅಂತಲೇ ಮಾತ್ರೆಯಿಲ್ಲದೆ ಕೈಯಿಂದಲೇ ಸರಿಮಾಡುವ ಕೈರೋಪ್ರ್ಯಾಕ್ಟಿಕ್ ಡಾಕ್ಟರಮ್ಮನ ಹತ್ತಿರ ಹೋಗಿದ್ದು. ಕತ್ತಿನ ಮೂಳೆಗಳನ್ನು ಒತ್ತಿ ನೋಡುತ್ತಾ, "ದಿನವೆಲ್ಲ ಬಲಗಡೆ ಏನು ನೋಡ್ತೀರಿ?" ಎಂದು ಕೇಳಿದರು. ಏನೂ ಇಲ್ಲ ಅಂದೆ. ರೇಷ್ಮೆ ಕಾರ್ಖಾನೆಯಲ್ಲಿ ನನ್ನ ಬಲಗಡೆಯ ಬೇಸಿನ್ ತೊಟ್ಟಿಯಲ್ಲಿ ರೋಶನ್ ಬೀ ನೂಲು ತೆಗೆಯುತ್ತಿದ್ದಳು. ಯಂತ್ರಗಳ ಸದ್ದಿನಲ್ಲಿ ತುಟಿ ನೋಡದೆ ಅವಳ ಮಾತು ತಿಳಿಯುವುದಿಲ್ಲ. ಕೈ ಬಿಸಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕುತ್ತಿದ್ದರೂ ನನ್ನ ಕತ್ತು ವರ್ಷಗಳಿಂದ ಅವಳ ಕಡೆಗೇ ಇತ್ತು.

ನೇರ ಕೂತು ಕೆಲಸ ಮಾಡಿ ಎಂದರು. ಮಾಲೀಕರನ್ನು ಕೇಳಿ ಗೋಡೆ ಕಡೆಯ ಬೇಸಿನ್‌ಗೆ ಹೋದೆ.

ಆಗ ರೋಶನ್ ಬೀ ತನ್ನ ಮಗಳು ತಾಹೇರಾಳನ್ನು ನೋಡಲು ಮಾಗಡಿಯಿಂದ ಗಂಡಿನವರು ಬರುವ ಸಂಗತಿ ಹೇಳುತ್ತಿದ್ದಳು. ಅದು ಅರ್ಧಕ್ಕೇ ನಿಂತಿತ್ತು. ಇವತ್ತು ಗೇಟಿನ ಹತ್ತಿರ ಸಿಕ್ಕಾಗ ಕೇಳಿದೆ.

"ಒಪ್ಕಂಡ್ರು ಕಣ್ ಕಾವೇರಿ. ನಿಕಾ ತಾರೀಕೂ ಆಗೋಯ್ತು. ನಿಂಗೆ ಯೋಳ್ನಿಲ್ವಾ ನಾನು? ಯೋಳಿವ್ನಿ ಅನ್ಕಂಡಿದ್ದೆ."

ಹೇಳಿದ್ದಾಳೆ. ನನ್ನ ಜಾಗದಲ್ಲಿ ಈಗ ಕೂರುವವಳಿಗೆ.

"ನೋವು ಒಸಿ ಕಮ್ಮಿ ಆಗೈತಾ?" ಅಂದಳು. ಪೂರ್ತಿ ಹೋಯಿತು ಅಂದೆ. ಒಳ್ಳೇದಾಯ್ತು ಬುಡು ಅಂತ ಬಸ್ಸಿಗೆ ಓಡಿದಳು.

ಮನೆಯಲ್ಲಿ ನನ್ನನ್ನು ಮಾತಾಡಿಸುವವರು ಯಾರೂ ಇಲ್ಲ ಅಂತ ಡಾಕ್ಟರಮ್ಮನಿಗೆ ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ.

ಇವತ್ತೂ ಕೆಲಸದ ನಡುವೆ ಮರೆತು ಬಲಕ್ಕೆ ತಿರುಗಿದೆ. ಸುಣ್ಣದ ಗೋಡೆ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದೆ. ಕತ್ತು ಚೂರೂ ನೋಯಲಿಲ್ಲ.