ಇಲಿಯ ಕಣ್ಣಿನ ಕೆಂಪು ಕುಂಕುಮವಲ್ಲ

ಬಿಳಿ ಇಲಿಗಳಿಗೆ ಆರೋಗ್ಯ ದಯಪಾಲಿಸಿದ ಮಾನ್ಯ ತಪಾಸಣಾಧಿಕಾರಿಗಳೇ,

ಆಯುಧಪೂಜೆ ಮುಗಿದ ವಾರ ತಾವು ಹಾಸನದ ನಮ್ಮ ಕಾಲೇಜಿನ ಪ್ರಾಣಿಕೋಣೆಗೆ ಬಂದು, ಸೀಕು ಬಿದ್ದ ಇಲಿಗಳನ್ನು ‘ಆರೋಗ್ಯವಾಗಿವೆ’ ಎಂದು ಬರೆದು ಹೋದಿರಿ. ಅಲ್ಲಿ ಪಂಜರ ತೊಳೆಯುವವಳು ನಾನು. ಓದಿದ್ದು ನಾಲ್ಕನೇ ತರಗತಿ. ದೊಡ್ಡವರೆದುರು ನನ್ನ ಮಾತು ನಡೆಯುವುದಿಲ್ಲ, ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ತಾವು ಮೂಗಿಗೆ ಕರ್ಚೀಫು ಹಿಡಿದು ಬಾಗಿಲಲ್ಲೇ ನಿಂತು, “ಇವುಗಳ ಕಣ್ಣು ಮೂಗಿಗೆಲ್ಲ ಕೆಂಪು ಮೆತ್ತಿದೆಯಲ್ಲ?” ಎಂದಿರಿ. ಅಟೆಂಡರ್ ಪರಮಶಿವಯ್ಯನವರು, “ಪೂಜೆ ಕುಂಕುಮ ಸಾ. ಮಿಶಿನ್‌ಗೆ ಇಡೋವಾಗ ಇವುಕ್ಕೂ ಇಟ್ವಿ. ಇವೂ ನಮ್ ಆಯುಧಾನೇ ಅಲ್ವಾ” ಎಂದರು. ತಾವು ನಕ್ಕಿರಿ.

“ಪಂಜರಕ್ಕಷ್ಟೇ ಇಟ್ಟಿದ್ದು ಸಾ,” ಎಂದೆ ನಾನು.

“ಸುಮ್ಕಿರವ್ವ, ಸಾಹೇಬ್ರ ಟೀ ಆರೋಗ್ತದೆ,” ಎಂದರು ಪರಮಶಿವಯ್ಯನವರು.

ತಾವು ಒಳಗೆ ಕಾಲಿಡದೆ ಅವರ ಹಿಂದೆ ಹೊರಟಿರಿ. ಟೀ ಆರಲಿಲ್ಲ.

ಮಾನ್ಯರೇ, ಅದು ಕುಂಕುಮವಲ್ಲ, ರಕ್ತವೂ ಅಲ್ಲ. ಇಲಿಯ ಕಣ್ಣೀರಿನ ಬಣ್ಣವೇ ಅದು. ವರ್ಗವಾಗಿ ಹೋದ ಅನಂತಮತಿ ಮೇಡಂ ನನಗೆ ತೋರಿಸಿಕೊಟ್ಟಿದ್ದರು: “ಚೆನ್ನಾಗಿರೋ ಇಲಿ ತಾನೇ ಮುಖ ಒರೆಸ್ಕೊಳ್ಳುತ್ತೆ ಸರಸ. ಒರೆಸ್ಕೊಳ್ಳೋ ಮನಸ್ಸೇ ಹೋದಾಗ ಕೆಂಪು ಹಾಗೇ ನಿಲ್ಲುತ್ತೆ.” ಹುಷಾರಾಗಿರುವ ಇಲಿ ಪಂಜರ ತೆಗೆದರೆ ಮೂಗು ಮುಂದೆ ಮಾಡಿ ಬರುತ್ತದೆ, ಅದರ ಕೂದಲು ನುಣ್ಣಗಿರುತ್ತದೆ, ಹುಲ್ಲು ಹಾಕಿದರೆ ಗೂಡು ಮಾಡಿಕೊಳ್ಳುತ್ತದೆ. ನಮ್ಮವು ಕೂದಲು ನಿಮಿರಿಸಿ, ಬೆನ್ನು ಗೂನು ಮಾಡಿ ಮೂಲೆ ಹಿಡಿದಿವೆ. ಉಸಿರು ಗೊರಗೊರ ಎನ್ನುತ್ತದೆ. ಒಳಗೆ ಬಂದಿದ್ದರೆ ಕೇಳಿಸುತ್ತಿತ್ತು. ಕಿಟಕಿಗೆ ಹಲಗೆ ಹೊಡೆದ, ಉಚ್ಚೆಯ ಘಾಟಿಗೆ ಕಣ್ಣುರಿಯುವ ಆ ಕೋಣೆಯಲ್ಲಿ ತಾವು ಒಂದು ಗಳಿಗೆ ನಿಲ್ಲಲಾರಿರಿ, ಅವು ಅಲ್ಲೇ ಹುಟ್ಟಿ ಅಲ್ಲೇ ಸಾಯಬೇಕು. ಇನ್ನೂ ಸತ್ತಿಲ್ಲ ಎಂಬುದಕ್ಕೇ ತಮ್ಮ ಇಲಾಖೆಯಲ್ಲಿ ಆರೋಗ್ಯ ಎನ್ನುತ್ತಾರೆಯೇ?

ನನಗೆ ಹೇಸಿಗೆಯಾಗಿದ್ದು ಆ ನಾತಕ್ಕಲ್ಲ, ಅದನ್ನು ದಿನಾ ತೊಳೆಯುತ್ತೇನೆ. ಹೇಸಿಗೆಯಾಗಿದ್ದು ತಮ್ಮ ನಗೆಗೆ. ಸೋಮವಾರದಿಂದ ಇದೇ ಇಲಿಗಳಿಗೆ ಹೊಸದೊಂದು ಔಷಧಿ ಕುಡಿಸುತ್ತಾರಂತೆ. ತಮ್ಮ ಸಹಿ ಇದೆಯಲ್ಲ. ಮೊದಲೇ ಗೊರಗೊರ ಉಸಿರೆಳೆಯುತ್ತಿರುವ ಇಲಿ ಸತ್ತರೆ ಅದು ಔಷಧಿಯ ದೋಷವೋ ಸೀಕಿನದೋ? ನಾಳೆ ಆ ಔಷಧಿ ಕುಡಿಯುವ ಮನುಷ್ಯರಿಗೆ ಏನು ಹೇಳುತ್ತೀರಿ?

ಹೇಗೂ ಸಾಯುವ ಇಲಿಗಳಲ್ಲವೇ ಎನ್ನಬೇಡಿ. ಸಾಯುವ ತನಕ ಅವು ಬದುಕಿಯೇ ಇರುತ್ತವೆ. ಸೋಮವಾರಕ್ಕೆ ಮೊದಲು ತಮ್ಮ ಸಹಿಯನ್ನು ಹಿಂದಕ್ಕೆ ಪಡೆಯಿರಿ. ಪಶುವೈದ್ಯರೊಂದಿಗೆ ಬಂದು ಪಂಜರಗಳ ಬಾಗಿಲು ತೆಗೆಸಿ ನೋಡಿ. ಸೀಕಿನ ಇಲಿಗಳನ್ನು ಬೇರೆ ಮಾಡಿಸಿ, ಕಿಟಕಿಯ ಹಲಗೆ ಕೀಳಿಸಿ. ಬರುವ ದಿನವನ್ನು ಮಾತ್ರ ಯಾರಿಗೂ ಮುಂಚೆ ತಿಳಿಸಬೇಡಿ. ನನಗೂ ತಿಳಿಸಬೇಕಿಲ್ಲ, ಅಷ್ಟರಲ್ಲಿ ನಾನು ಅಲ್ಲಿರುವುದಿಲ್ಲ.

ಇಂತಿ,
ಈ ಪತ್ರ ಅಚ್ಚಾದ ಬೆಳಿಗ್ಗೆಯಿಂದ ಕೆಲಸವಿಲ್ಲದವಳು,
ಸರಸ, ಕೊರವಂಗಲ