ಫೆಬ್ರವರಿಯ ಸಾಲುಗಳು

ಭಾನುವಾರ, ಮಧ್ಯಾಹ್ನ

ನಮ್ಮ ಮಗಳ ಅಪ್ಪನವರಿಗೆ ನಮಸ್ಕಾರ.

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಮಗಳು ಮನೆಯ ಗೋಡೆಯಿಂದ ಒಂದೇ ಒಂದು ಇಟ್ಟಿಗೆ ಕೀಳುತ್ತಿದ್ದಳು. ಬೇಡವೇ, ಸೂರು ಕುಸಿಯುತ್ತದೆ ಎಂದು ಕೂಗಹೋದರೆ ದನಿಯೇ ಹೊರಡಲಿಲ್ಲ. ನೀವು ಬೇರೆ ಹೋದ ಮೇಲೆ ಇದೇ ಮೊದಲ ಕಾಗದ. ಅವಳಿಗೆ ಗೊತ್ತಿಲ್ಲ.

ಅವಳು ಹೈಸ್ಕೂಲಿನಲ್ಲಿದ್ದಾಗ ನೀವಿಬ್ಬರೂ ನನ್ನ ಹೊಲಿಗೆ ಮೇಜಿಗೆ ಒರಗಿಕೊಂಡು ತಾರೀಕು ಲೆಕ್ಕ ಹಾಕುವ ಪ್ರೋಗ್ರಾಂ ಬರೆದಿರಲ್ಲ, ಅದೀಗ ದೊಡ್ಡದಾಗಿದೆ. ಆ ಪ್ರೋಗ್ರಾಮಿಂಗ್ ಭಾಷೆ ನಡೆಸುವವರು ಅದನ್ನು ಭಾಷೆಯ ಮೂಲ ಲೈಬ್ರರಿಗೇ, ಅಂದರೆ ಭಾಷೆಯ ಜೊತೆಗೇ ಎಲ್ಲರಿಗೂ ಸಿಗುವ ಕಟ್ಟಿಗೇ, ಸೇರಿಸಿಕೊಳ್ಳುತ್ತಾರಂತೆ. ಆದರೆ ಲೈಸೆನ್ಸ್ ಬದಲಾಗಬೇಕು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ತಿಳಿದಷ್ಟು ಬರೆಯುತ್ತೇನೆ, ನಗಬೇಡಿ. ನೀವಿಟ್ಟ ಷರತ್ತು: ಯಾರಾದರೂ ತಗೊಳ್ಳಲಿ, ತಿದ್ದಲಿ, ಆದರೆ ತಿದ್ದಿ ಹಂಚಿದರೆ ತಿದ್ದಿದ್ದನ್ನೂ ಎಲ್ಲರಿಗೂ ಬಿಟ್ಟುಕೊಡಲಿ. ಅವರದು ಸಡಿಲ: ಏನಾದರೂ ಮಾಡಿಕೊಳ್ಳಿ, ಬರೆದವರ ಹೆಸರು ಮಾತ್ರ ಅಳಿಸಬೇಡಿ. ಹೀಗೆ ಬದಲಿಸಲು, ಬರೆದವರೆಲ್ಲ ಒಪ್ಪಬೇಕು. ಮಿಕ್ಕವರೆಲ್ಲ ಒಪ್ಪಿದ್ದಾರೆ, ನೀವೊಬ್ಬರು ಉಳಿದಿದ್ದೀರಿ.

ನಿಮ್ಮದು ಫೆಬ್ರವರಿಯ ಭಾಗ, ಅಧಿಕ ವರ್ಷದ ಲೆಕ್ಕ. ಅಪ್ಪನನ್ನು ಕೇಳೇ ಎಂದೆ. “ಕೇಳಲ್ಲಮ್ಮ. ಅವರ ಸಾಲು ಕಿತ್ತು ಹಾಕಿ ನಾನೇ ಬರೀತೀನಿ” ಅಂದಳು. ತಾಯಿಯಂತೆ ಮಗಳು ಎಂದು ಗಾದೆ ಕಟ್ಟಿದವರು ನಮ್ಮ ಮನೆಗೆ ಬಂದಿರಲಿಲ್ಲ. ಹಠದಲ್ಲಿ ನಿಮ್ಮದೇ ಪಡಿಯಚ್ಚು. ಆದರೆ ಪಕ್ಕದಲ್ಲಿ ಹೊಲಿಯುತ್ತಾ ನೋಡುತ್ತಿದ್ದೇನೆ: ವಾರದಿಂದ ಕೀಳುತ್ತಾಳೆ, ಮತ್ತೆ ಹಾಗೇ ಇಡುತ್ತಾಳೆ.

ಪುಕ್ಕಟೆ ಕೊಟ್ಟಿದ್ದನ್ನು ದೊಡ್ಡ ಕಂಪನಿಯವರು ನುಂಗಿ ಬಾಯಿ ಒರೆಸಿಕೊಳ್ಳುತ್ತಾರೆ ಎನ್ನುತ್ತಿದ್ದಿರಿ. ನನಗೂ ಆ ಭಯವಿದೆ. ನನಗೆ ಯಾವುದರ ಭಯವಿಲ್ಲ ಹೇಳಿ. ನಾನು ಕತ್ತರಿಸಿ ಕೊಟ್ಟ ಅಂಗಿಯ ಅಳತೆ ಕಾಗದಗಳು ಎಷ್ಟು ಅಂಗಡಿ ಸುತ್ತಿವೆಯೋ, ಒಂದೂ ವಾಪಸ್ ಬರಲಿಲ್ಲ. ಆದರೂ ದಾರಿಯಲ್ಲಿ ಯಾರ ಮೈಮೇಲಾದರೂ ನನ್ನ ಅಳತೆಯ ಕಾಲರ್ ಕಂಡರೆ ನಿಂತು ನೋಡುತ್ತೇನೆ.

ಒಪ್ಪಿಗೆ ಇಲ್ಲದಿದ್ದರೆ ಇಲ್ಲವೆಂದೇ ನನಗೆ ಬರೆಯಿರಿ, ಅವಳು ಕಿತ್ತುಹಾಕಲಿ. ಸುಮ್ಮನೆ ಮಾತ್ರ ಇರಬೇಡಿ. ಈ ಮನೆಯವರೆಲ್ಲ ಸುಮ್ಮನಿದ್ದದ್ದು ಸಾಕಾಗಿದೆ.

ಇಂತಿ,
ಮಗಳ ಅಮ್ಮ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಸಿಕ್ಕಿಬಿದ್ದೆ. ಪೂರ್ತಿ ಓದಿದಳು. ಹರಿದು ಹಾಕುತ್ತಾಳೆ ಅಂದುಕೊಂಡೆ. ಇಲ್ಲ, ಲೈಸೆನ್ಸಿನ ಸಾಲಿನಲ್ಲಿ ‘ಹಂಚಿದರೆ’ ಅನ್ನುವುದನ್ನು ಅವಳೇ ಸೇರಿಸಿದಳು, ಅದಿಲ್ಲದಿದ್ದರೆ ತಪ್ಪಾಗುತ್ತದಂತೆ. ಆಮೇಲೆ, ನಿಮಗೆ ಕೊಡಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ ತನ್ನ ಈಮೇಲ್ ವಿಳಾಸವನ್ನು ತಾನೇ ಕೆಳಗೆ ಬರೆದು ಒಳಗೆ ಹೋದಳು. ನಿಂತುಕೊಂಡೇ ಬರೆದಳು, ಅಕ್ಷರಗಳು ಸೊಟ್ಟಗಿವೆ. ಅವಳಿಗೆ ಬರೆದು ಕಳಿಸುವ ಮುಂಚೆ ಒಂದೊಂದೇ ಅಕ್ಷರ ಇನ್ನೊಮ್ಮೆ ನೋಡಿಕೊಳ್ಳಿ.